ಅಪ್ಪನ ಜಾಗಕ್ಕೆ

ಕೆರಿಯಪ್ಪ ಹಾಸ್ಟೆಲಿನ ಪಾಯಖಾನೆ ಗುಂಡಿಗೆ ಇಳಿದ ಹೊತ್ತಿನಲ್ಲಿ ಅವನ ಮಗಳು ಹುಲಿಗೆವ್ವ ಪಕ್ಕದ ಕಟ್ಟಡದಲ್ಲಿ ಕೂತು ಇಂಗ್ಲಿಷ್ ಕಲಿಯುತ್ತಿದ್ದಳು.

ಹತ್ತನೇ ಕ್ಲಾಸು. ಕೊನೇ ಬೆಂಚು. ಆ ಬೆಂಚಿನಲ್ಲಿ ಅವಳೊಬ್ಬಳೇ. ಅಲ್ಲಿ ಕೂರಬೇಡಿ ಅಂತ ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಪರಿಮಳಾ ಟೀಚರ್ ಬೋರ್ಡಿನ ಮೇಲೆ ಮೂರು ಪದ ಬರೆದರು. ಇನ್ ಪ್ಲೇಸ್ ಆಫ್. ಕೆಳಗೆ ಗೆರೆ ಎಳೆದರು.

“ಇದನ್ನ ಗಟ್ಟು ಹೊಡೆದರೆ ಬರೂದಿಲ್ಲ. ವಾಕ್ಯದೊಳಗೆ ಇಟ್ಟು ನೋಡಬೇಕು. ಮನೇಲಿ ಸಕ್ಕರೆ ಮುಗೀತು. ಅಮ್ಮ ಬೆಲ್ಲ ಹಾಕಿ ಚಾ ಮಾಡಿದಳು. ಇನ್ ಪ್ಲೇಸ್ ಆಫ್ ಶುಗರ್. ಗಣಿತದ ಮಾಸ್ತರು ರಜೆ. ಡ್ರಿಲ್ ಮಾಸ್ತರು ಬಂದು ಕ್ಲಾಸ್ ತಗೊಂಡರು. ಇನ್ ಪ್ಲೇಸ್ ಆಫ್ ದ ಮ್ಯಾತ್ಸ್ ಟೀಚರ್. ಒಂದು ಇಲ್ಲ. ಅದರ ಜಾಗಕ್ಕೆ ಇನ್ನೊಂದು. ತಿಳೀತಾ?”

ತಿಳೀತು ಅಂದರು ಎಲ್ಲರೂ. ಹಾಗಾದರೆ ಒಬ್ಬೊಬ್ಬರೇ ಎದ್ದು ಒಂದು ವಾಕ್ಯ ಹೇಳಿ ಅಂದರು ಟೀಚರ್. ಮೊದಲ ಬೆಂಚಿನ ಗೀತಾ ಇಡ್ಲಿಯ ಜಾಗಕ್ಕೆ ದೋಸೆ ಹಾಕಿದಳು. ಅವಳ ಹಿಂದಿನವನು ಸೈಕಲ್ಲಿನ ಜಾಗಕ್ಕೆ ಸ್ಕೂಟರ್ ತಂದ. ಆಗ ನಾತ ಬಂತು. ಹೊರಗೆ ಗುಂಡಿಯ ಕಲ್ಲು ಸರಿಸಿದ್ದರು. ಹುಡುಗರು ಮೂಗು ಮುಚ್ಚಿದರು. ಮೂಗು ಮುಚ್ಚಿದವರೆಲ್ಲ ಕೊನೇ ಬೆಂಚಿನ ಕಡೆ ತಿರುಗಿದರು. ನಾತ ಎಲ್ಲಿಂದ ಬಂದರೂ ಅವರ ಕುತ್ತಿಗೆ ತಿರುಗುವುದು ಅಲ್ಲಿಗೇ.

“ಕಿಟಕಿ ಹಾಕಿ. ಹೂಂ, ಹುಲಿಗೆಮ್ಮ, ನೀನು ಹೇಳು.”

ಶಾಲೆಯ ಹಾಜರಿಯಲ್ಲಿ ಹುಲಿಗೆಮ್ಮ ಆಗಿದ್ದ ಹುಲಿಗೆವ್ವ ಎದ್ದು ನಿಂತಳು. ಅವಳ ಮನೆಯಲ್ಲಿ ಇಡ್ಲಿಯೂ ಇಲ್ಲ, ದೋಸೆಯೂ ಇಲ್ಲ. ಆ ದಿನ ಬೆಳಿಗ್ಗೆ ಆದದ್ದು ಮಾತ್ರ ನೆನಪಾಯಿತು. ಪಾಯಖಾನೆ ತೊಳೆಯುವ ಆಸಿಡ್ಡು ಬಿದ್ದು ಅವ್ವನ ಅಂಗೈ ಸುಟ್ಟಿತ್ತು. ಅವ್ವನ ಕೈಯ ಪೊರಕೆ ತೆಗೆದುಕೊಂಡು ಶಾಲೆಯ ಜಗಲಿಯನ್ನೆಲ್ಲ ಇವಳೇ ಗುಡಿಸಿ, ಕಾಲು ತೊಳೆದುಕೊಂಡು, ಕ್ಲಾಸಿಗೆ ಬಂದಿದ್ದಳು.

“ಐ ಸ್ವೀಪ್ ದ ಸ್ಕೂಲ್ ಇನ್ ಪ್ಲೇಸ್ ಆಫ್ ಮೈ ಮದರ್.”

ಕ್ಲಾಸು ಗೊಳ್ಳೆಂದು ನಕ್ಕಿತು. ಒಬ್ಬ ಬೆಂಚು ಬಡಿದ.

“ನಗೂದೆಂತಕ್ಕೆ? ವಾಕ್ಯ ಸರಿ ಇದ್ದು,” ಅಂದರು ಟೀಚರ್. ಅವಸರದಲ್ಲಿ ಮನೆಯ ಮಾತು ಬಾಯಿಗೆ ಬಂದಿತ್ತು. ತಿದ್ದಿಕೊಂಡು, “ಸರಿ ಇದೆ. ನಿಮ್ಮೆಲ್ಲರಿಗಿಂತ ಸರಿ ಇದೆ. ಕೂತ್ಕೊ ಹುಲಿಗೆಮ್ಮ,” ಅಂದರು.

ಹುಲಿಗೆವ್ವ ಕೂತಳು. ಕಿವಿ ಬಿಸಿಯಾಗಿತ್ತು. ಆದರೂ ಎದೆಯಲ್ಲಿ ಒಂದು ಖುಷಿ. ವಾಕ್ಯ ಸರಿ ಇದೆ. ಸಂಜೆ ಅಪ್ಪನಿಗೆ ಹೇಳಬೇಕು ಅಂದುಕೊಂಡಳು.

ಆಗ ಮುಚ್ಚಿದ ಕಿಟಕಿಯ ಆಚೆಯಿಂದ ಅವ್ವ ಕಿರುಚಿದ್ದು ಕೇಳಿಸಿತು.

*

ಕೆರಿಯಪ್ಪನದು ದಾಸನಕೊಪ್ಪದ ಊರಾಚೆಯ ಕೇರಿ. ಅವನಪ್ಪ ಊರಿನ ಸತ್ತ ದನ ಎಳೆಯುತ್ತಿದ್ದ, ಹಬ್ಬಕ್ಕೆ ಹಲಗೆ ಬಾರಿಸುತ್ತಿದ್ದ. ತಾನು ದನ ಎಳೆಯುವುದಿಲ್ಲ ಅಂತ ಕೆರಿಯಪ್ಪ ಹೆಂಡತಿ ಫಕೀರವ್ವನನ್ನೂ ಎಳೇ ಮಗಳನ್ನೂ ಕಟ್ಟಿಕೊಂಡು ಶಿರಸಿಗೆ ಬಂದ. ಯಲ್ಲಾಪುರ ರಸ್ತೆಯ ಪಕ್ಕ ಒಂದು ಟ್ರಸ್ಟಿನವರು ಹೈಸ್ಕೂಲು, ಹಾಸ್ಟೆಲು ನಡೆಸುತ್ತಿದ್ದರು. ಅಲ್ಲಿ ಕೆಲಸ ಸಿಕ್ಕಿತು. ದನ ಎಳೆಯುವುದು ತಪ್ಪಿತು. ಪಾಯಖಾನೆ ಕೈಗೆ ಬಂತು.

ಇರಲಿಕ್ಕೆ ಒಂದು ಕೋಣೆ ಕೊಟ್ಟರು. ಹಾಸ್ಟೆಲಿನ ಹಿಂದೆ, ಗುಂಡಿಯ ಮಗ್ಗುಲಿಗೆ. ಬೇರೆ ಯಾರೂ ಅಲ್ಲಿ ಇರುತ್ತಿರಲಿಲ್ಲ. ಬಾವಿ ಮುಟ್ಟುವ ಹಾಗಿಲ್ಲ. ಹಾಸ್ಟೆಲಿನ ಅಡಿಗೆಯ ನೀಲಗಂಗವ್ವ ಕೊಡ ಎತ್ತರಕ್ಕೆ ಹಿಡಿದು ಇವರ ಕೊಡಕ್ಕೆ ನೀರು ಸುರಿಯುತ್ತಿದ್ದಳು. ಉಳಿದ ಅನ್ನವನ್ನೂ ಹಾಗೇ. ಟ್ರಸ್ಟಿನವರು ಹುಲಿಗೆವ್ವನಿಗೆ ಶಾಲೆಯಲ್ಲಿ ಪುಕ್ಕಟೆ ಸೀಟು ಕೊಟ್ಟಿದ್ದರು. ಅದನ್ನು ಪ್ರತಿ ವರ್ಷ ಭಾಷಣದಲ್ಲಿ ಹೇಳುತ್ತಿದ್ದರು.

ಗುಂಡಿಗೆ ಇಳಿಯುವ ದಿನ ಕೆರಿಯಪ್ಪ ಕುಡಿಯುತ್ತಿದ್ದ. ಕುಡಿಯದೆ ಇಳಿಯಲಿಕ್ಕೆ ಮನುಷ್ಯನಾದವನಿಗೆ ಆಗುವುದಿಲ್ಲ. ಕಂಠದವರೆಗೆ ಹೇಲಿನಲ್ಲಿ ನಿಂತು ಬಕೀಟು ತುಂಬುವುದು. ಮೇಲೆ ಫಕೀರವ್ವ ಹಗ್ಗ ಎಳೆದು ಬಕೀಟು ಖಾಲಿ ಮಾಡುವುದು. ಸಂಜೆ ಮೈಗೆಲ್ಲ ಸೀಮೆಎಣ್ಣೆ ಹಚ್ಚಿ, ಬೂದಿ ಹಾಕಿ ತಿಕ್ಕುವುದು. ಊಟ ಸೇರುತ್ತಿರಲಿಲ್ಲ. ಅಂಥ ರಾತ್ರಿ ಅವನು ಗೋಡೆಗೆ ಒರಗಿ ಮಗಳ ಓದು ಕೇಳುತ್ತಿದ್ದ.

“ಗಟ್ಟಿಯಾಗಿ ಓದವ್ವಾ. ಇಂಗ್ಲಿಷ್ ಓದು. ಅವ್ರು ಇಂಗ್ಲಿಷಿನ್ಯಾಗ ಬೈದ್ರ ನಿನಗ ತಿಳೀಬೇಕು. ನನಗ ತಿಳೀವಲ್ದು. ನಕ್ಕು ನಿಂತಿರ್ತೀನಿ.”

ತೊಂಬತ್ತೆಂಟರ ಡಿಸೆಂಬರಿನಲ್ಲಿ ಶಾಲೆಯ ಬೆಳ್ಳಿಹಬ್ಬ. ಮುಂಬಯಿಯಿಂದ ಒಬ್ಬ ದೊಡ್ಡ ದಾನಿ ಅತಿಥಿಯಾಗಿ ಬರುವವನಿದ್ದ. ಗೋಡೆಗೆ ಸುಣ್ಣ, ಗೇಟಿಗೆ ಬಣ್ಣ. ಹಾಸ್ಟೆಲಿನ ಗುಂಡಿ ಮಾತ್ರ ತುಂಬಿ ಉಕ್ಕುತ್ತಿತ್ತು. ಅದು ಹಬ್ಬದೊಳಗೆ ಖಾಲಿಯಾಗಬೇಕು ಅಂತ ಮೇಲಿನಿಂದ ಹುಕುಂ ಬಂತು. ತಂದವನು ಹಾಸ್ಟೆಲಿನ ಮೇಲ್ವಿಚಾರಕ ಮಧುಕೇಶ್ವರ.

“ಕಲ್ಲು ತೆಗದು ಒಂದಿನಾ ಬಿಡ್ರಿ ಸಾಹೇಬ್ರ,” ಅಂದಿದ್ದ ಕೆರಿಯಪ್ಪ. “ಒಳಗಿನ ಗಾಳಿ ಹೋಗ್ಲಿ. ಮೂರು ವರ್ಷದ್ದು ಕುಂತೈತಿ.”

“ಒಂದಿನಾ ನಾತ ಕುಡಕೋತ ಕೂಡೂನೇನು ನಾವು? ಇಳಿಯಲೇ. ಅರ್ಧ ತಾಸಿನ ಕೆಲಸ.”

ಕೆರಿಯಪ್ಪ ಇಳಿದ. ಮೊದಲ ಬಕೀಟು ಮೇಲೆ ಬಂತು. ಎರಡನೆಯದು ಬರಲಿಲ್ಲ. ಫಕೀರವ್ವ ಸುಟ್ಟ ಕೈಯಲ್ಲೇ ಹಗ್ಗ ಎಳೆದಳು. ಹಗ್ಗ ಸಡಿಲವಾಗಿ ಬಂತು.

*

ಹುಲಿಗೆವ್ವ ಓಡಿ ಬರುವಾಗ ಗುಂಡಿಯ ಸುತ್ತ ಜನ ನಿಂತಿದ್ದರು. ದೂರದಲ್ಲಿ. ಎಲ್ಲರ ಮೂಗಿನ ಮೇಲೂ ಬಟ್ಟೆ. ಫಕೀರವ್ವ ಸೀರೆ ಮೇಲಕ್ಕೆ ಕಟ್ಟಿ ಇಳಿಯಲಿಕ್ಕೆ ಹೊರಟಿದ್ದಳು. ನೀಲಗಂಗವ್ವ ಒಂದು ಉದ್ದನೆಯ ಕೋಲು ಅಡ್ಡ ಹಿಡಿದು, “ನೀನೂ ಸಾಯ್ತೀ, ಇಳೀಬ್ಯಾಡ,” ಅಂತ ಅಳುತ್ತಿದ್ದಳು. ಕೈಯಲ್ಲಿ ಹಿಡಿಯಲಿಲ್ಲ. ಕೋಲಿನಲ್ಲಿ ಹಿಡಿದಳು.

“ಅಪ್ಪಾ!” ಹುಲಿಗೆವ್ವ ಗುಂಡಿಯ ಅಂಚಿಗೆ ಬೋರಲಾಗಿ ಬಿದ್ದು ಕೂಗಿದಳು. ಕಪ್ಪು ರಾಡಿಯ ಮೇಲೆ ಅಪ್ಪನ ಬೆನ್ನು ಕಾಣುತ್ತಿತ್ತು. ಬೆನ್ನು ಮಾತ್ರ. “ಯಾರರ ಇಳೀರಿ! ಹಗ್ಗಾ ಕಟ್ಟಿಕೊಂಡು ಇಳೀರಿ! ಉಸುರು ಇರ್ತೈತಿ!”

ಯಾರೂ ಇಳಿಯಲಿಲ್ಲ. ಅಷ್ಟು ಜನ ಗಂಡಸರಿದ್ದರು. ಡ್ರಿಲ್ ಮಾಸ್ತರಿದ್ದರು. ಮಧುಕೇಶ್ವರನಿದ್ದ. ಕೊನೆಗೆ ಪೇಟೆಯ ಕಡೆ ಸೈಕಲ್ ಓಡಿಸಿ, ಚರಂಡಿ ಬಳಿಯುವ ಇಬ್ಬರನ್ನು ಕರೆತಂದರು. ಅವರ ಹೆಸರನ್ನೂ ಯಾರೂ ಕೇಳಲಿಲ್ಲ. ಅವರು ಮುಖಕ್ಕೆ ಒದ್ದೆ ಬಟ್ಟೆ ಸುತ್ತಿಕೊಂಡು, ಉಸಿರು ಕಟ್ಟಿ, ಒಬ್ಬ ಇಳಿದು ಒಬ್ಬ ಎಳೆದು, ಕೆರಿಯಪ್ಪನನ್ನು ಮೇಲೆ ತಂದು ಮಲಗಿಸಿದರು. ಬಾಯಿ ತುಂಬ ರಾಡಿ. ಮೂಗಿನಲ್ಲಿ ರಾಡಿ. ಕಣ್ಣು ತೆರೆದೇ ಇತ್ತು.

ಹೆಣ ತೊಳೆಯಬೇಕಿತ್ತು. ನಲ್ಲಿ ಹಾಸ್ಟೆಲಿನ ಅಡಿಗೆಮನೆಯ ಪಕ್ಕ.

“ಇಲ್ಲಿ ಬ್ಯಾಡ,” ಅಂದ ಮಧುಕೇಶ್ವರ. “ಹುಡುಗರು ಉಣ್ಣೂ ಜಾಗ ಇದು.”

ಹುಲಿಗೆವ್ವ ನೀರು ಹೊತ್ತಳು. ನೀಲಗಂಗವ್ವ ಸುರಿದು ಕೊಟ್ಟದ್ದನ್ನು ಕೊಡದ ಮೇಲೆ ಕೊಡ ಹೊತ್ತು ತಂದಳು. ಅಪ್ಪನ ಬಾಯಿಗೆ ಬೆರಳು ಹಾಕಿ ರಾಡಿ ತೆಗೆದಳು. ಹಲ್ಲು ತಿಕ್ಕಿದಳು. ಕಿವಿಯೊಳಗೆ ಬಟ್ಟೆಯ ತುದಿ ತಿರುಗಿಸಿದಳು. ಅವ್ವ ಕಾಲ ಹತ್ತಿರ ಕೂತು ಒಂದೇ ಕೈಯಲ್ಲಿ ಎದೆ ಬಡಿದುಕೊಳ್ಳುತ್ತಿದ್ದಳು. ಎಷ್ಟು ಸುರಿದರೂ ಅಪ್ಪ ಶುದ್ಧವಾಗಲಿಲ್ಲ. ಬದುಕಿದ್ದಾಗ ಸೀಮೆಎಣ್ಣೆ ಇತ್ತು. ಈಗ ಅದೂ ಇರಲಿಲ್ಲ.

ಟ್ರಸ್ಟಿನ ಕಾರ್ಯದರ್ಶಿ ಕಾರಿನಲ್ಲಿ ಬಂದರು. ಅವರ ಹೆಸರು ದೇವರು ಹೆಗಡೆ. ಹೆಸರೇ ದೇವರು. ಕೆರಿಯಪ್ಪ ಬದುಕಿದ್ದಾಗ ಯಾರಾದರೂ ಏನಾದರೂ ಕೇಳಿದರೆ ‘ದೇವರು ಹೇಳ್ಯಾರ’ ಅನ್ನುತ್ತಿದ್ದ, ನಗುತ್ತಿದ್ದ. ದೇವರು ಹೆಗಡೆಯವರು ಕಾರಿನಿಂದ ಇಳಿಯಲಿಲ್ಲ. ಗಾಜು ಇಳಿಸಿದರು.

“ಕುಡಿದಿದ್ದನಾ?”

“ಕುಡಿದಿದ್ದ,” ಅಂದ ಮಧುಕೇಶ್ವರ.

“ಹಂಗಾರೆ ಮತ್ತೆಂತ. ಕುಡಿದು ಬಿದ್ದ. ಪಾಪ.”

ಅಷ್ಟೇ ವಿಚಾರಣೆ. ಪೊಲೀಸರು ಬಂದಾಗಲೂ ಅದೇ ಮಾತು ನಡೆಯಿತು. ಅರ್ಧವೂ ಖಾಲಿಯಾಗದ ಗುಂಡಿಗೆ ಕಲ್ಲು ಎಳೆದು, ಬ್ಲೀಚಿಂಗ್ ಪುಡಿ ಚೆಲ್ಲಿ, ಅದರ ಮೇಲೆ ಕ್ರೋಟನ್ ಕುಂಡಗಳನ್ನು ಸಾಲಾಗಿ ಇಟ್ಟರು. ಬೆಳ್ಳಿಹಬ್ಬ ಮುಂದಕ್ಕೆ ಹೋಗಲಿಲ್ಲ.

*

ಕೆರಿಯಪ್ಪನ ಮಣ್ಣಾದ ಮಾರನೆಯ ದಿನವೇ ಮಧುಕೇಶ್ವರ ಕೋಣೆಯ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ.

“ಫಕೀರವ್ವಾ, ಧೈರ್ಯ ತಗೋ. ಹೆಗಡೇರು ಹೇಳ್ಯಾರ. ಅಪ್ಪನ ಜಾಗಕ್ಕ ಮಗಳಿಗೆ ನೌಕರಿ ಕೊಡ್ತಾರಂತ. ಈ ಮನೀ ನಿಮಗ ಇರ್ತೈತಿ. ಬೆಳ್ಳಿಹಬ್ಬದ ದಿನಾ ಸ್ಟೇಜಿನ ಮ್ಯಾಲೆ ಹೇಳ್ತಾರ.”

ಫಕೀರವ್ವ ಅತ್ತಳು. ಅಳುತ್ತಲೇ ಕೈ ಮುಗಿದಳು. ಅವಳಿಗೆ ದಾಸನಕೊಪ್ಪಕ್ಕೆ ಹೋಗಲಿಕ್ಕೆ ದಾರಿ ಇರಲಿಲ್ಲ. ಗುಡಿಸಲು ಬಿದ್ದು ಯಾವ ಕಾಲವಾಗಿತ್ತೋ, ಆ ಜಾಗದಲ್ಲಿ ಮೈದುನ ಗೋಡೆ ಎಬ್ಬಿಸಿದ್ದ. ಸುಟ್ಟ ಅಂಗೈ ಕೀವಾಗಿತ್ತು. ಈ ಕೋಣೆ ಹೋದರೆ ತಲೆಯ ಮೇಲೆ ಆಕಾಶ.

“ನೌಕರಿ ಅಂದ್ರ ಎಂಥಾದ್ದರಿ?” ಅಂತ ಕೇಳಿದಳು ಹುಲಿಗೆವ್ವ.

“ಶಾಲೀದು,” ಅಂದ ಅವನು. “ಪರ್ಮನೆಂಟು.”

ಹುಲಿಗೆವ್ವ ತಾನಾಗಿಯೇ ಲೆಕ್ಕ ಹಾಕಿದಳು. ಹತ್ತನೇ ಕ್ಲಾಸು ಮುಗಿಯಲಿಕ್ಕೆ ಬಂದಿದೆ. ಆಫೀಸಿನಲ್ಲಿ ಗಂಟೆ ಬಾರಿಸುವವಳು ಇರಬಹುದು. ಲೈಬ್ರರಿಯಲ್ಲಿ ಪುಸ್ತಕ ಒರೆಸುವವಳು ಇರಬಹುದು. ಓದಿದವರಿಗೆ ಕೊಡುವ ಕೆಲಸ ಅಂಥದ್ದೇ ತಾನೆ? ಆ ಆಸೆ ಬಂದದ್ದಕ್ಕೆ ಆಮೇಲೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅಪ್ಪನ ಹೆಣದ ನೀರು ಇನ್ನೂ ಅಂಗಳದಲ್ಲಿ ಆರಿರಲಿಲ್ಲ.

ಬೆಳ್ಳಿಹಬ್ಬದ ದಿನ ಶಾಮಿಯಾನ. ಮೈಕು. ಮುಂಬಯಿಯ ಅತಿಥಿಗೆ ಕನ್ನಡ ಬಾರದು. ಆದ್ದರಿಂದ ಕಾರ್ಯದರ್ಶಿ ಇಂಗ್ಲಿಷಿನಲ್ಲಿ ಮಾತಾಡಿದರು. ಹುಲಿಗೆವ್ವ ಮತ್ತು ಅವ್ವ ಶಾಮಿಯಾನದ ಹೊರಗೆ, ಚಪ್ಪಲಿ ಬಿಟ್ಟ ಜಾಗದಲ್ಲಿ ನಿಂತಿದ್ದರು. ಕರೆದಾಗ ಬರಬೇಕು ಅಂತ ಹೇಳಿದ್ದರು.

ಇಂಗ್ಲಿಷು ಹೊಳೆಯ ಹಾಗೆ ಹರಿಯಿತು. ಹುಲಿಗೆವ್ವನಿಗೆ ಅಲ್ಲೊಂದು ಇಲ್ಲೊಂದು ಪದ ಸಿಕ್ಕಿತು. ಸರ್ವಿಸ್. ಫ್ಯಾಮಿಲಿ. ಅನ್‌ಫಾರ್ಚುನೇಟ್. ಆಮೇಲೆ ಒಮ್ಮೆಲೆ ಎಲ್ಲ ಪದವೂ ಸ್ಪಷ್ಟ ಕೇಳಿಸಿತು.

“ಇನ್ ಪ್ಲೇಸ್ ಆಫ್ ಅವರ್ ಸ್ಕ್ಯಾವೆಂಜರ್ ಕೆರಿಯಪ್ಪ, ವಿ ಆರ್ ಹ್ಯಾಪಿ ಟು ಗಿವ್ ದ ಸೇಮ್ ಪೋಸ್ಟ್ ಟು ಹಿಸ್ ಡಾಟರ್.”

ಚಪ್ಪಾಳೆ ಬಿತ್ತು. ಅತಿಥಿಯೂ ತಟ್ಟಿದ. ಹತ್ತನೇ ಕ್ಲಾಸಿನ ಸಾಲಿನಿಂದ ಕುತ್ತಿಗೆಗಳು ಅವಳ ಕಡೆ ತಿರುಗಿದವು. ಅವರಿಗೂ ತಿಳಿದಿತ್ತು. ಒಂದೇ ಬೋರ್ಡು ನೋಡಿ ಕಲಿತವರು.

ಹುಲಿಗೆವ್ವನ ಕಾಲು ಏಳಲಿಲ್ಲ. ಮಧುಕೇಶ್ವರ ಸನ್ನೆ ಮಾಡಿದ. ಅವ್ವ ಬೆನ್ನಿಗೆ ಕೈಯಿಟ್ಟು ದೂಡಿದಳು. ಸ್ಟೇಜಿನ ಮೆಟ್ಟಿಲ ಕೆಳಗೆ ನಿಲ್ಲು ಅಂದರು. ದೇವರು ಹೆಗಡೆಯವರು ಬಗ್ಗಿ, ಅವಳ ಚಾಚಿದ ಕೈಯ ಮೇಲೆ ಒಂದು ಸೀರೆ ಬಿಟ್ಟರು. ಕೊಡಲಿಲ್ಲ. ಬಿಟ್ಟರು. ಅದು ಜಾರಿ ಮಣ್ಣಿಗೆ ಬಿತ್ತು. ಅವಳು ಬಗ್ಗಿ ಎತ್ತಿಕೊಂಡಳು. ಫೋಟೋದವನು ಹೊಡೆದ.

ಕೆಳಗೆ ಮಧುಕೇಶ್ವರ ಕಿವಿಯ ಹತ್ತಿರ ಬಂದ. “ನಾಳೆ ಮುಂಜಾನೆ ಬಾ. ಇವತ್ತಿನ ಜನಕ್ಕ ಗುಂಡಿ ಮತ್ತ ಉಕ್ಕಾಕತ್ತೈತಿ. ಪೇಟೀ ಮಂದಿ ಇಳೂದಿಲ್ಲಂತ. ನೀನ ಇಳೀಬೇಕು.”

“ನಾಳೆ ಕ್ಲಾಸ್ ಐತ್ರಿ. ಮಾರ್ಚಿನ್ಯಾಗ ಪರೀಕ್ಷೆ.”

“ಇನ್ನ ಕ್ಲಾಸ್ ಯಾಕ? ನೌಕರಿ ಸಿಕ್ತಲ್ಲ.”

*

ಜನ ಎದ್ದು ಊಟಕ್ಕೆ ಹೋಗುತ್ತಿದ್ದರು. ಹುಲಿಗೆವ್ವ ಪರಿಮಳಾ ಟೀಚರನ್ನು ಹುಡುಕಿಕೊಂಡು ಸ್ಟಾಫ್ ರೂಮಿನ ಬಾಗಿಲಿಗೆ ಹೋದಳು. ಒಳಗಿನಿಂದ ಕಾರ್ಯದರ್ಶಿಯ ದನಿ ಬರುತ್ತಿತ್ತು. “ನೀ ಬರ್ದು ಕೊಟ್ಟ ಇಂಗ್ಲಿಷು ಲಾಯ್ಕ್ ಇತ್ತು ಪರಿಮಳಾ. ಅತಿಥಿಗೆ ಖುಷಿ ಆತು.”

ಅವರು ಹೊರಗೆ ಹೋದರು. ಬಾಗಿಲ ಪಕ್ಕ ನಿಂತವಳು ಅವರ ಕಣ್ಣಿಗೆ ಬೀಳಲಿಲ್ಲ.

“ನೀವು ಬರದ್ರೇನ್ರಿ ಟೀಚರ್?”

ಪರಿಮಳಾ ಟೀಚರ್ ಬೆಚ್ಚಿದರು. ಅವರ ಮುಖ ಕೆಂಪಾಯಿತು. ಇಡೀ ಶಾಲೆಯಲ್ಲಿ ಅವಳ ನೋಟ್‌ಬುಕ್ಕನ್ನು ಕೈಯಲ್ಲಿ ಮುಟ್ಟಿ ತಿದ್ದುತ್ತಿದ್ದವರು ಅವರೊಬ್ಬರೇ. ಉಳಿದವರು ಮೇಜಿನ ಮೇಲೆ ಇಡಲು ಹೇಳುತ್ತಿದ್ದರು.

“ನಿಮಗೆ ಮನೆ ಉಳೀಲಿ ಅಂತ ನಾನೇ ಅವರ ಹತ್ರ ಕೇಳಿದ್ದು ಹುಲಿಗೆಮ್ಮ. ಆಫೀಸಲ್ಲಿ ಎಂತಾದ್ರೂ ಕೊಡಿ ಅಂದೆ. ಆಫೀಸಲ್ಲಿ ಜಾಗ ಇಲ್ಲ, ಇದು ಇದೆ ಅಂದ್ರು. ಬರೆದು ಕೊಡು ಅಂದ್ರು. ಬರೆದೆ.”

“ಸಕ್ಕರಿ, ಬೆಲ್ಲ ಅಂತ ಕಲಿಸಿದ್ರಿ. ಮನಷ್ಯಾರಿಗೂ ಹಿಂಗ ಹಚ್ಚತಾರ ಅಂತ ಹೇಳ್ಲಿಲ್ಲ.”

ಟೀಚರ್ ಕುರ್ಚಿಯ ಬೆನ್ನು ಹಿಡಿದುಕೊಂಡರು.

“ನಮ್ಮಪ್ಪ ಸತ್ತ ಮ್ಯಾಲೆ ಅವ್ರಿಗೆ ಕಮ್ಮಿ ಆಗಿದ್ದು ಏನ್ರಿ ಟೀಚರ್? ಗುಂಡಿ ಬಳಿಯೂ ಕೈ. ಅದಕ್ಕ ಇನ್ನೊಂದು ಕೈ ಹಚ್ಚಿದ್ರು. ನಮಗ ಕಮ್ಮಿ ಆಗಿದ್ದು ಅಪ್ಪ. ಅದಕ್ಕೇನು ಹಚ್ಚತಾರ?”

“ಸ್ವಲ್ಪ ದಿನ ಮಾಡು. ಪರೀಕ್ಷೆಗೆ ಸಂಜೆ ಬಂದು ಓದು, ನಾನು ಹೇಳ್ಕೊಡ್ತೆ. ನಂದೂ ಇಲ್ಲಿ ಟೆಂಪರರಿ ಮಾರಾಯ್ತಿ. ನಾನೆಂತ ಮಾಡ್ಲಿ?”

ಅವರ ಕಣ್ಣಲ್ಲಿ ನೀರಿತ್ತು. ಸುಳ್ಳು ನೀರಲ್ಲ. ಆದರೆ ಆ ನೀರಿನಲ್ಲಿ ಏನನ್ನೂ ತೊಳೆಯಲಿಕ್ಕೆ ಬರುವ ಹಾಗಿರಲಿಲ್ಲ. ಹುಲಿಗೆವ್ವ ಸೀರೆಯನ್ನು ಅವರ ಮೇಜಿನ ಮೇಲಿಟ್ಟು ಬಂದಳು.

*

ಬೆಳಿಗ್ಗೆ ಕ್ರೋಟನ್ ಕುಂಡಗಳನ್ನು ಪಕ್ಕಕ್ಕೆ ಸರಿಸಿದ್ದರು. ಕಲ್ಲು ತೆಗೆದಿತ್ತು. ಹೊಸ ಬಕೀಟು, ಹೊಸ ಹಗ್ಗ. ಕಾರ್ಯದರ್ಶಿಯೂ ಬಂದಿದ್ದರು. ಅತಿಥಿ ಇನ್ನೂ ಗೆಸ್ಟ್‌ಹೌಸಿನಲ್ಲಿದ್ದ. ಗಾಳಿ ಆ ಕಡೆಗೇ ಬೀಸುತ್ತಿತ್ತು.

“ಈಗ ಗಾಳಿ ಆಡಿದೆ. ಎಂತಾ ಆಗೂದಿಲ್ಲ. ಇಳಿ,” ಅಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ. ಕುರ್ಚಿ ಸರಿಸು ಅನ್ನುವ ಹಾಗೆ ಇತ್ತು.

ಹುಲಿಗೆವ್ವ ಗುಂಡಿ ನೋಡಿದಳು. ಗೋಡೆಗೆ ಹಾಕಿದ ಕಬ್ಬಿಣದ ಮೆಟ್ಟಿಲು. ಮೊದಲನೆಯದರ ಮೇಲೆ ಅಪ್ಪನ ಅಂಗಿಯ ಚೂರು ಸಿಕ್ಕಿಕೊಂಡು ಒಣಗಿತ್ತು. ನೀಲಿ ಗೆರೆಯ ಅಂಗಿ. ಅವಳು ಅದರಿಂದ ಕಣ್ಣು ಕೀಳಲಿಲ್ಲ.

“ಇಳೀ ಅಂದ್ರ,” ಅಂದ ಮಧುಕೇಶ್ವರ.

ಆಗ ಫಕೀರವ್ವ ಮುಂದೆ ಬಂದಳು. ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿದ್ದಳು. ಸುಟ್ಟ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡಿದ್ದಳು.

“ಆಕೀ ಎಳೇ ಹುಡುಗಿ ಅದಾಳ್ರಿ. ಆಕೀ ಬದ್ಲಿ ನಾ ಇಳೀತೀನ್ರಿ. ಮನೀ ಒಂದು ಬಿಡಸಬ್ಯಾಡ್ರಿ.”

ಅವಳು ನೆಲಕ್ಕೆ ಕೂತು, ಮೆಟ್ಟಿಲಿಗೆ ಕಾಲು ಇಳಿಬಿಟ್ಟೇ ಬಿಟ್ಟಳು. ಒಂದು ಕೈಯಲ್ಲಿ ಹಿಡಿತ ಸಿಗಲಿಲ್ಲ. ಮೈ ಓಲಾಡಿತು. ಯಾರೂ ಬೇಡ ಅನ್ನಲಿಲ್ಲ. ಕಾರ್ಯದರ್ಶಿ ಗಡಿಯಾರ ನೋಡಿಕೊಂಡರು. ಅವರಿಗೆ ಯಾರು ಇಳಿದರೂ ಒಂದೇ.

ಹುಲಿಗೆವ್ವ ಅವ್ವನ ರಟ್ಟೆಗೆ ಕೈ ಹಾಕಿ ಎಳೆದಳು. ಎಷ್ಟು ಜೋರಾಗಿ ಎಳೆದಳೆಂದರೆ ಇಬ್ಬರೂ ಹಿಂದಕ್ಕೆ ಬಿದ್ದರು. ಅವ್ವನ ಕೈಯ ಚೀಲ ಹರಿದು ಕೀವು ಹರಿಯಿತು. ಅವ್ವ ಮಗಳ ಕೆನ್ನೆಗೆ ಹೊಡೆದಳು.

“ಬಿಡು! ಎಲ್ಲಿ ಹೋಗೂದು ನಾವು? ಎಲ್ಲಿ ಸಾಯೂದು?”

“ಇಲ್ಲಂತೂ ಸಾಯೂದು ಬ್ಯಾಡ,” ಅಂದಳು ಹುಲಿಗೆವ್ವ.

ಅವಳು ಎದ್ದು ಬಕೀಟು ತೆಗೆದುಕೊಂಡಳು. ಇಳಿಯುತ್ತಾಳೆ ಅಂತ ಎಲ್ಲರೂ ತಿಳಿದರು. ಅವಳು ಅದನ್ನು ಗುಂಡಿಗೆ ಎಸೆದಳು. ಬುಳಕ್ ಅಂತ ಸದ್ದಾಯಿತು. ರಾಡಿ ಸಿಡಿದು ಕಾರ್ಯದರ್ಶಿಯ ಬಿಳಿ ಪಂಚೆಯ ಅಂಚಿಗೆ ಒಂದು ಹನಿ ಬಿತ್ತು. ಅವರು ಹಾರಿ ಹಿಂದೆ ಸರಿದರು. ಅಷ್ಟು ಜೋರಾಗಿ ಅವರು ಹಾರಿದ್ದನ್ನು ಯಾರೂ ನೋಡಿರಲಿಲ್ಲ. ಕೆರಿಯಪ್ಪ ಸತ್ತಾಗಲೂ ಅವರು ಅಲ್ಲಾಡಿರಲಿಲ್ಲ.

“ಎಂತಾ ಮಾಡಿದೆ ನೀನು!”

“ನಾ ಇಳೂದಿಲ್ಲ. ನಮ್ಮವ್ವನೂ ಇಳೂದಿಲ್ಲ.”

“ನಿನ್ನಪ್ಪ ಎಷ್ಟು ಚಂದ ಇದ್ದ. ಒಂದಿನ ಎದುರು ಮಾತಾಡಿದವನಲ್ಲ.”

“ಅದಕ್ಕ ಸತ್ತ.”

ಹಾಸ್ಟೆಲಿನ ಕಿಟಕಿಗಳಲ್ಲಿ ಹುಡುಗರು ತುಂಬಿದ್ದರು. ಹುಲಿಗೆವ್ವ ಆ ಕಡೆ ಒಮ್ಮೆ ನೋಡಿದಳು. ಕನ್ನಡದಲ್ಲಿ ಹೇಳಿದರೆ ಇವರು ಹುಡುಗಿಗೆ ತಲೆ ಕೆಟ್ಟಿದೆ ಅನ್ನುತ್ತಾರೆ. ಅವರು ಮೈಕಿನಲ್ಲಿ ಹೇಳಿದ ಭಾಷೆಯಲ್ಲೇ ಹೇಳಬೇಕು ಅನ್ನಿಸಿತು. ಬೆರಳು ಚಾಚಿ ಗುಂಡಿ ತೋರಿಸಿದಳು.

“ಇನ್ ಪ್ಲೇಸ್ ಆಫ್ ಮೈ ಫಾದರ್, ಯು ಗೋ.”

ಯಾರೂ ನಗಲಿಲ್ಲ. ದೇವರು ಹೆಗಡೆಯವರ ಬಾಯಿ ಸ್ವಲ್ಪ ತೆರೆದುಕೊಂಡಿತು. ಮಧುಕೇಶ್ವರ ಮಾತ್ರ ಮುಂದೆ ಬಂದು ಅವಳ ಮುಖಕ್ಕೆ ಹೊಡೆದ. ತುಟಿ ಒಡೆಯಿತು. ಹೊಡೆದ ಮೇಲೆ ಅವನು ಕೈಯನ್ನು ಪಂಚೆಗೆ ಒರೆಸಿಕೊಂಡ. ಮುಟ್ಟಿದ್ದು ಆಗ ನೆನಪಾಗಿತ್ತು.

*

ಮಧ್ಯಾಹ್ನದ ಗಂಟೆ ಹೊಡೆಯುವ ಮೊದಲೇ ಅವರ ಸಾಮಾನು ಹೊರಗಿತ್ತು. ಎರಡು ಕೊಡ, ಒಂದು ಟ್ರಂಕು, ಕೌದಿಯ ಗಂಟು. ಪುಸ್ತಕಗಳನ್ನು ಮಧುಕೇಶ್ವರ ಬಾಗಿಲಿನಿಂದಲೇ ಒಂದೊಂದಾಗಿ ಎಸೆದ. ಶಾಲೆಯ ಹಾಜರಿಯಿಂದ ಹೆಸರು ಹೊಡೆದರು ಅಂತ ಗೀತಾ ಬಂದು ದೂರದಿಂದ ಹೇಳಿ ಹೋದಳು. ಪರೀಕ್ಷೆಗೆ ಕೂರುವುದು ಮುಗಿಯಿತು. ಪರಿಮಳಾ ಟೀಚರ್ ಆ ದಿನ ಶಾಲೆಗೆ ಬರಲೇ ಇಲ್ಲ.

ಗೇಟಿನ ಹೊರಗೆ ಯಲ್ಲಾಪುರ ರಸ್ತೆ. ತಾಯಿ ಮಗಳು ಮಾವಿನ ಮರದ ಬುಡದಲ್ಲಿ ಗಂಟಿನ ಮೇಲೆ ಕೂತರು. ಲಾರಿಗಳು ಧೂಳೆಬ್ಬಿಸಿ ಹೋಗುತ್ತಿದ್ದವು. ಫಕೀರವ್ವ ಬೈಯುತ್ತಲೇ ಇದ್ದಳು. “ಕಲಸಬಾರದಿತ್ತು ನಿನಗ. ನಿಮ್ಮಪ್ಪಗ ಹೇಳಿದ್ದೆ. ನಾಕ ಅಕ್ಷರ ಬಂತು, ನಾಲಿಗೀ ಬೆಳೀತು. ತಿನ್ನು ಈಗ ಆ ಇಂಗ್ಲಿಷ್ ತಿನ್ನು. ಎಲ್ಲಿ ಒಯ್ತೀ ನನ್ನ? ಮೈದುನನ ಕಾಲಿಗೆ ಬೀಳಸ್ತೀಯೇನು?” ಬೈದು ಬೈದು ಉಸಿರು ಮುಗಿದಾಗ ಸುಮ್ಮನೆ ಅತ್ತಳು. ಹುಲಿಗೆವ್ವನೂ ಅದನ್ನೇ ಯೋಚಿಸುತ್ತಿದ್ದಳು. ನಿಜವಾಗಿಯೂ ಎಲ್ಲಿಗೆ ಹೋಗುವುದು? ಊರು ಇಲ್ಲ. ಮನೆ ಇಲ್ಲ. ಒಂದು ಮಾತು ಹೇಳಿದ್ದಕ್ಕೆ ಎಲ್ಲ ಹೋಯಿತು. ಆ ಮಾತಿನಿಂದ ಒಬ್ಬರ ಪಂಚೆ ಕೊಳೆಯಾದದ್ದು ಬಿಟ್ಟರೆ ಏನೂ ಆಗಲಿಲ್ಲ. ನಾಲಿಗೆಯಲ್ಲಿ ರಕ್ತದ ರುಚಿ. ರಸ್ತೆಗೆ ಅಡ್ಡ ಬಿದ್ದುಬಿಡಲೇ ಅನ್ನಿಸಿತು ಒಮ್ಮೆ. ಲಾರಿ ಬಂತು. ಹೋಯಿತು.

ಹಾನಗಲ್ ಕಡೆಯಿಂದ ಬಂದ ಬಸ್ಸಿಳಿದು ಒಬ್ಬ ಗಂಡಸು, ಒಬ್ಬ ಹೆಂಗಸು ನಡೆದುಕೊಂಡು ಬಂದರು. ಹೆಂಗಸಿನ ಬಗಲಲ್ಲಿ ಕೂಸು. ಗಂಡಸಿನ ಹೆಗಲಿಗೆ ಹಗ್ಗದ ಸುರುಳಿ. ಬರಿಗಾಲು.

“ಯವ್ವಾ, ಹೆಗಡೇರ ಶಾಲಿ ಇದ ಏನು? ಇಲ್ಲಿ ಕೆಲಸ ಐತಂತ ಮುಂಜಾನೆ ಹೇಳಿ ಕಳಿಸಿದ್ರು. ಮನೀನೂ ಕೊಡ್ತಾರಂತ.”

ಹುಲಿಗೆವ್ವ ಅವನ ಹಗ್ಗ ನೋಡಿದಳು. ಎದ್ದು ನಿಂತಳು.

“ಹೋಗಬ್ಯಾಡ ಅಣ್ಣಾ. ಅದರಾಗ ನಮ್ಮಪ್ಪ ಸತ್ತಾನ. ಮೊನ್ನೆ. ಉಸುರು ಕಟ್ಟಿ ಸತ್ತಾನ.”

ಅವನು ಅವಳ ಒಡೆದ ತುಟಿ ನೋಡಿದ. ಹೊರಗೆ ಬಿದ್ದ ಟ್ರಂಕು ನೋಡಿದ. ಹೆಂಡತಿಯ ಕಡೆ ನೋಡಿದ. ಅವಳು ಕೂಸನ್ನು ಇನ್ನೊಂದು ಬಗಲಿಗೆ ಬದಲಿಸಿದಳು.

“ಕೂಸಿಗೆ ಹಾಲಿಲ್ಲವ್ವಾ,” ಅಂದ ಅವನು. “ನಾ ನೋಡಿಕೊಂಡು ಇಳೀತೀನಿ.”

ಗೇಟು ತೆರೆಯಿತು. ಅವರು ಒಳಗೆ ಹೋದರು.

ಅವರು ಹಾಸ್ಟೆಲಿನ ಹಿಂದೆ ಮರೆಯಾಗುವವರೆಗೆ ಹುಲಿಗೆವ್ವ ನೋಡಿದಳು. ಆಮೇಲೆ ಓಡಿದಳು. ಗೇಟಿನ ಕಾವಲುಗಾರ ಹಿಡಿಯಲಿಕ್ಕೆ ಕೈ ಚಾಚಿ, ಮುಟ್ಟಬೇಕಲ್ಲ ಅಂತ ಹಿಂಜರಿದ. ಅಷ್ಟರಲ್ಲಿ ಅವಳು ಒಳಗಿದ್ದಳು. ಹಾಸ್ಟೆಲಿನ ಹಿಂದೆ ಮಧುಕೇಶ್ವರ ಆ ಹೊಸಬನಿಗೆ ಮೆಟ್ಟಿಲು ತೋರಿಸುತ್ತಿದ್ದ. ಹೊಸಬ ಅಂಗಿ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟಿದ್ದ. ಪಕ್ಕೆಲುಬು ಎಣಿಸುವ ಹಾಗಿತ್ತು.

ಹುಲಿಗೆವ್ವ ಅವರ ನಡುವೆ ನುಗ್ಗಿದಳು. ಸರಿಸಿಟ್ಟ ಕಲ್ಲನ್ನು ಎಳೆದಳು. ಅದು ಒಬ್ಬಳಿಗೆ ಏಳುವ ಕಲ್ಲಲ್ಲ. ಉಗುರು ಕಿತ್ತು ಬಂತು. ಅರ್ಧ ಬಾಯಿ ಮುಚ್ಚುವಷ್ಟು ಎಳೆದು, ಅದರ ಮೇಲೆ ಕೂತಳು. ಕಾಲೆರಡನ್ನೂ ಗುಂಡಿಯ ಉಳಿದ ಬಾಯಿಗೆ ಅಡ್ಡ ಚಾಚಿದಳು.

“ಏಳ!”

“ಏಳೂದಿಲ್ಲ. ಯಾರೂ ಇಳೂದಿಲ್ಲ ಇನ್ನ ಇದರಾಗ.”

“ಏಳತೀಯೋ ಒದೀಲೋ?”

“ಒದಿ. ಒಳಗ ಬೀಳ್ತೀನಿ. ಎಲ್ಲಾರೂ ನೋಡಾಕತ್ತಾರ, ಒದಿ.”

ಮಧುಕೇಶ್ವರನ ಕಾಲು ಅರ್ಧಕ್ಕೆ ನಿಂತಿತು. ಕಿಟಕಿಗಳಲ್ಲಿ ಹುಡುಗರಿದ್ದರು. ಅಡಿಗೆಮನೆಯ ಬಾಗಿಲಲ್ಲಿ ನೀಲಗಂಗವ್ವ ಇದ್ದಳು. ಹೊಸಬ ಒಂದು ಹೆಜ್ಜೆ ಹಿಂದೆ ಸರಿದು, ಕಲ್ಲಿನ ಮೇಲೆ ಕೂತ ಹುಡುಗಿಯನ್ನೂ, ಅವಳ ಕಾಲ ಕೆಳಗಿನ ಕತ್ತಲನ್ನೂ ನೋಡುತ್ತ ನಿಂತ. ಹಗ್ಗ ಹೆಗಲಿನಿಂದ ಜಾರಿತು. ಅವನು ಅದನ್ನು ಎತ್ತಿಕೊಳ್ಳಲಿಲ್ಲ.

“ಪೊಲೀಸರಿಗೆ ಫೋನ್ ಮಾಡಿಸ್ತೀನಿ ತಡಿ,” ಅಂತ ಹೇಳಿ ಮಧುಕೇಶ್ವರ ಆಫೀಸಿನ ಕಡೆ ಹೋದ.

ಟ್ರಂಕು ಎಳೆಯುವ ಸದ್ದು ಕೇಳಿಸಿತು. ಫಕೀರವ್ವ ಬರುತ್ತಿದ್ದಳು. ಒಂದೇ ಕೈಯಲ್ಲಿ ಟ್ರಂಕು ಎಳೆಯುತ್ತ, ತಲೆಯ ಮೇಲೆ ಕೌದಿಯ ಗಂಟು ಹೊತ್ತು, ಇನ್ನೂ ಬೈಯುತ್ತ ಬರುತ್ತಿದ್ದಳು. ಮಗಳನ್ನು ಬೈದಳು, ಸತ್ತ ಗಂಡನನ್ನು ಬೈದಳು, ದೇವರನ್ನು ಬೈದಳು. ಯಾವ ದೇವರನ್ನು ಅಂತ ಕೇಳಿದವರಿಗೆ ತಿಳಿಯಲಿಲ್ಲ. ಹತ್ತಿರ ಬಂದು ಗಂಟು ಇಳಿಸಿದಳು. ಮಗಳ ಬೆರಳಿನಿಂದ ರಕ್ತ ಸುರಿಯುವುದನ್ನು ನೋಡಿ ಬೈಗುಳ ನಿಲ್ಲಿಸಿದಳು.

“ಅತ್ತ ಸರಿ,” ಅಂದಳು. “ಕಾಲು ಜಾರೀತು.”

ಕಲ್ಲಿನ ಮೇಲೆ ಮಗಳಿಗೆ ಆತುಕೊಂಡು ಕೂತಳು.

“ಪೊಲೀಸ್ರು ಬಂದ್ರ ಹೊಡೀತಾರ.”

“ಹೊಡೀಲಿ ಬೇ.”

ಫಕೀರವ್ವ ಸೆರಗಿನಿಂದ ಒಂದು ಚೂರು ಹರಿದು ಮಗಳ ಬೆರಳಿಗೆ ಕಟ್ಟತೊಡಗಿದಳು.